ಕ್ವಿಬೆಕ್ ಕಾದಂಬರಿಯ ಜನವರಿ ಪತ್ರ: ಬರುತ್ತಾ, ಬರಲ್ವಾ?

ಹಿಮದ ಹಕ್ಕಿ: ಕೆನಡಾದ ಕ್ವಿಬೆಕ್ ನಗರದಲ್ಲಿ ನಡೆಯುವ ಒಂದು ಕನ್ನಡ ಕಾದಂಬರಿ ಬರೆಯುತ್ತಿದ್ದೇನೆ. ಕಾಲ 1759–60ರ ಚಳಿಗಾಲ. ಸೆಪ್ಟೆಂಬರ್ 13ರಂದು ಕೋಟೆಯಾಚೆಯ ಬಯಲಲ್ಲಿ ಫ್ರೆಂಚರು ಸೋತರು, 18ಕ್ಕೆ ಊರು ಬ್ರಿಟಿಷರ ಕೈಸೇರಿತು. ಮನೆಗಳಲ್ಲಿ ಫ್ರೆಂಚ್ ಮಾತು, ಬೀದಿಯಲ್ಲಿ ಇಂಗ್ಲಿಷ್ ಕಾವಲು. ನನ್ನ ನಾಯಕಿ ಮದ್ಲೆನ್ ಉರ್ಸುಲಿನ್ ಸನ್ಯಾಸಿನಿಯರ ಕಾನ್ವೆಂಟಿನಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಾಳೆ. ಜನವರಿಯಲ್ಲಿ ಫ್ರಾನ್ಸಿನ ಲಾ ರೊಶೆಲ್‌ನಿಂದ ಅಣ್ಣನ ಪತ್ರ ಬರುತ್ತದೆ, ಕಥೆ ಅಲ್ಲಿಂದ ತಿರುಗುತ್ತದೆ. ಊರಿಗೆ ನಾನು ಹೋಗಿಲ್ಲ. ಹಳೆಯ ನಕ್ಷೆ, ಗೂಗಲ್ ಸ್ಟ್ರೀಟ್ ವ್ಯೂ, ಒಂದಷ್ಟು ಪುಸ್ತಕ, ಇಷ್ಟರಲ್ಲೇ ಬರೆಯಬಹುದಾ? ಮೊದಲ ಅಧ್ಯಾಯದಲ್ಲಿ ಅವಳು ಬಂಡೆಯ ಮೇಲಿನ ಶಾಟೋ (ಅರಮನೆಯಂಥ ದೊಡ್ಡ ಮನೆ) ನೋಡುತ್ತಾ ಮೆಟ್ಟಿಲಿಳಿದು ಪ್ಲಾಸ್ ರೊಯಾಲ್ ಚೌಕಕ್ಕೆ ಬರುತ್ತಾಳೆ.

ಟೊರಾಂಟೊ ತಿಮ್ಮ: ಹೋಗದೆ ಬರೆಯಬೇಡಿ, ಅಷ್ಟೇ. ವರ್ಷಕ್ಕೆ ಮೂರು ಮೀಟರ್ ಹಿಮ ಬೀಳುವ ಊರು ಅದು. ಡಿಸೆಂಬರ್ ಕೊನೆಗೆ ಸಂಜೆ ನಾಲ್ಕಕ್ಕೇ ಕತ್ತಲು. ಕೆಳಊರಿನಿಂದ ಮೇಲೂರಿಗೆ ಮೆಟ್ಟಿಲು ಹತ್ತಿದಾಗ ಮೂಗಿನೊಳಗೆ ಏನಾಗುತ್ತದೆ ಅಂತ ಸ್ಟ್ರೀಟ್ ವ್ಯೂ ಹೇಳಲ್ಲ. ನಾನು ಫೆಬ್ರವರಿಯಲ್ಲೇ ಹೋಗಿದ್ದೇನೆ. ಮತ್ತೆ ಆ ಶಾಟೋ! ಶಾಟೋ ಫ್ರಾಂಟೆನಾಕ್ ರೈಲ್ವೆ ಕಂಪನಿಯವರು ಕಟ್ಟಿಸಿದ ಹೋಟೆಲು. ಶುರುವಾಗಿದ್ದು 1893ರಲ್ಲಿ. ಮೊದಲ ಅಧ್ಯಾಯದಲ್ಲೇ ಎಡವಟ್ಟು.

ಕಡತದ ರಾಯ: ಅವರು ಫ್ರಾಂಟೆನಾಕ್ ಅಂತ ಎಲ್ಲಿ ಬರೆದಿದ್ದಾರೆ? ಅದೇ ಬಂಡೆಯ ಮೇಲೆ ಗವರ್ನರ್ ಮನೆ ಶಾಟೋ ಸೇಂಟ್ ಲೂಯಿ ಇತ್ತು. 1834ರಲ್ಲಿ ಸುಟ್ಟುಹೋಯಿತು. ಹೋಗಿ ಬಂದವರಿಗೆ ಹೋಟೆಲು ಮಾತ್ರ ಕಾಣುತ್ತದೆ, ಅದೇ ತೊಂದರೆ. ಪ್ಲಾಸ್ ರೊಯಾಲ್ ಇವತ್ತು ಕಾಣುವ ಹಾಗಿರುವುದು 1960ರ ನಂತರ ಸರ್ಕಾರ ಅದನ್ನು ಮರುಕಟ್ಟಿದ್ದರಿಂದ. ಫ್ರೆಂಚ್ ಕಾಲದ ಕಳೆ ಬರಲಿ ಅಂತ ಆಮೇಲಿನ ಕಟ್ಟಡಗಳನ್ನು ಕೆಡವಿದರು. ಈಗಿನ ಸಿಟಡೆಲ್ ಕೋಟೆ 1820ರಿಂದ ಈಚೆಗೆ ಕಟ್ಟಿದ್ದು. ನೋಡಲೇಬೇಕಾದ್ದು ರಿಚರ್ಡ್ ಶಾರ್ಟ್ ಬರೆದ ಚಿತ್ರಗಳು. ಬ್ರಿಟಿಷ್ ನೌಕಾಪಡೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಮನುಷ್ಯ, 1759ರಲ್ಲಿ ಅಲ್ಲೇ ಇದ್ದ. 1761ರಲ್ಲಿ ಚಿತ್ರಗಳು ಅಚ್ಚಾದವು. ಕೆಳಊರಿನ ನೋತ್ರ್ ದಾಮ್ ದೆ ವಿಕ್ತ್ವಾರ್ ಚರ್ಚಿಗೆ ಅದರಲ್ಲಿ ಛಾವಣಿಯೇ ಇಲ್ಲ. ಮದ್ಲೆನ್ ಚೌಕಕ್ಕೆ ಇಳಿದರೆ ಕಾಣುವುದು ಸುಟ್ಟ ಗೋಡೆಗಳು. ಇನ್ನು ಆ ಜನವರಿ ಪತ್ರ ಬರೋಕೆ ಸಾಧ್ಯವೇ ಇಲ್ಲ. ಊರಿಗೆ ಹಡಗು ಬರುವ ಸೇಂಟ್ ಲಾರೆನ್ಸ್ ನದಿ ಚಳಿಗಾಲದಲ್ಲಿ ಮಂಜುಗಡ್ಡೆಯಿಂದ ಮುಚ್ಚಿರುತ್ತದೆ.

ಓದುಗಿ: "ಸಾಧ್ಯವೇ ಇಲ್ಲ" ಅಂತ ಇಷ್ಟು ಖಡಾಖಂಡಿತವಾಗಿ ಹೇಳುವವರನ್ನು ಕಂಡರೆ ನನಗೆ ಅನುಮಾನ ರಾಯರೇ. ಅದೇ 1760ರ ಚಳಿಗಾಲದಲ್ಲಿ ಊರಿನ ಬ್ರಿಟಿಷ್ ಗವರ್ನರ್ ಮರ್ರೆ ಕಳಿಸಿದ ಕಾಗದಗಳನ್ನು ಜಾನ್ ಮಾಂಟ್ರೆಸರ್ ಎಂಬ ಅಧಿಕಾರಿ ಕಾಡಿನ ದಾರಿಯಲ್ಲಿ ದಕ್ಷಿಣದ ಬ್ರಿಟಿಷ್ ವಸಾಹತು ಪ್ರದೇಶ ನ್ಯೂ ಇಂಗ್ಲೆಂಡಿಗೆ ಮುಟ್ಟಿಸಿದ. ದಾರಿಯಲ್ಲಿ ಊಟ ಮುಗಿದು ಪಾಡುಪಟ್ಟರು, ಆದರೂ ಮುಟ್ಟಿದರು. ಅಂದ್ರೆ ದಾರಿ ಇತ್ತು ಅಂತ ಆಯ್ತಲ್ವಾ?

ಕಡತದ ರಾಯ: ದಾರಿ ಇತ್ತು ಮೇಡಂ. ಆದರೆ ಅದು ಕ್ವಿಬೆಕ್‌ನಿಂದ ಹೊರಗೆ ಹೋದ ಸೇನೆಯ ಕಾಗದ. ಶತ್ರುದೇಶದ ಅಣ್ಣ ತಂಗಿಗೆ ಬರೆದ ಪತ್ರವನ್ನು ಯಾವ ಬ್ರಿಟಿಷ್ ಅಧಿಕಾರಿ ಬೆನ್ನ ಮೇಲೆ ಹೊತ್ತು ತರುತ್ತಾನೆ?

ಟೊರಾಂಟೊ ತಿಮ್ಮ: "ನದಿ ಮುಚ್ಚಿರುತ್ತದೆ" ಅಂತೆ! ನಾನು ಫೆಬ್ರವರಿಯಲ್ಲಿ ಕ್ವಿಬೆಕ್‌ನಿಂದ ಎದುರು ದಡದ ಲೆವಿ ಊರಿಗೆ ಫೆರಿಯಲ್ಲಿ ದಾಟಿದ್ದೇನೆ ಸ್ವಾಮಿ. ಆ ಫೆರಿ ವರ್ಷವಿಡೀ ಓಡುತ್ತದೆ. ಅಲ್ಲಿ ಸಮುದ್ರದ ಉಬ್ಬರವಿಳಿತ ಜೋರು, ಮಂಜುಗಡ್ಡೆ ಹೋಗ್ತಾ ಬರ್ತಾ ಇರುತ್ತದೆ. ನೋಡದೇ ಮಾತಾಡಿದರೆ ಹೀಗೇ ಆಗೋದು.

ಕಡತದ ರಾಯ: ಇದಕ್ಕೇ ನಾನು ಹೇಳಿದ್ದು, ಹೋಗಿ ನೋಡಿದರೆ ದಾರಿ ತಪ್ಪುತ್ತದೆ ಅಂತ. ನೀವು ದಾಟಿದ್ದು ಇಂಜಿನ್ ಇರುವ ಉಕ್ಕಿನ ದೋಣಿಯಲ್ಲಿ. ಅವರದ್ದು ಹಾಯಿ ಕಟ್ಟಿದ ಮರದ ಹಡಗು. ಓಡಾಡುವ ಮಂಜುಗಡ್ಡೆ ನಿಂತ ಮಂಜುಗಡ್ಡೆಗಿಂತ ಜಾಸ್ತಿ ಅಪಾಯ. ಬ್ರಿಟಿಷರ ದೊಡ್ಡ ಯುದ್ಧನೌಕೆಗಳೇ ಅಕ್ಟೋಬರ್‌ನಲ್ಲಿ ಗಂಟುಮೂಟೆ ಕಟ್ಟಿದವು, ಯಾಕೆ?

ಬೆಣ್ಣೆದೋಸೆ: ನನ್ನದೊಂದು ಸಣ್ಣ ಪ್ರಶ್ನೆ. ಫ್ರೆಂಚ್ ಊರೇ ಬೇಕಿದ್ದರೆ ಪಾಂಡಿಚೇರಿ ಇಲ್ವಾ? ಅದೇ ಯುದ್ಧದಲ್ಲಿ 1761ರ ಜನವರಿಯಲ್ಲಿ ಅದೂ ಬ್ರಿಟಿಷರಿಗೆ ಶರಣಾಯಿತು. 1760ರಲ್ಲಿ ಫ್ರೆಂಚರ ಸಹಾಯಕ್ಕೆ ಹೈದರಾಲಿ ಇಲ್ಲಿಂದ ಸೈನ್ಯ ಕಳಿಸಿದ್ದ. ಪಕ್ಕದಲ್ಲೇ ಕಥೆ ಬಿದ್ದಿದೆ. ಜನವರಿಯಲ್ಲಿ ಪತ್ರವೂ ಬರುತ್ತದೆ, ಮಂಜುಗಡ್ಡೆಯ ಕಾಟವೂ ಇಲ್ಲ.

ಹಿಮದ ಹಕ್ಕಿ: "ಪಕ್ಕದಲ್ಲೇ ಬಿದ್ದಿದೆ" ಅಂತಾದರೆ ನೀವೇ ಎತ್ತಿಕೊಳ್ಳಿ ಸಾರ್, ಬೇಡ ಅಂದವರ್ಯಾರು? ನನಗೆ ಬೇಕಿರುವುದು ಸೋತ ಊರಿನಲ್ಲಿ ಗೆದ್ದವರ ಜೊತೆ ಒಂದೇ ಸೂರಿನಡಿ ಕಳೆದ ಚಳಿಗಾಲ. ಆ ಕಾನ್ವೆಂಟಿನ ಸನ್ಯಾಸಿನಿಯರು ಸ್ಕಾಟಿಷ್ ಸಿಪಾಯಿಗಳ ಬರಿಗಾಲು ನೋಡಲಾರದೆ ಉದ್ದದ ಕಾಲುಚೀಲ ಹೆಣೆದು ಕೊಟ್ಟರಂತೆ. ಇಂಥದ್ದು ಪಾಂಡಿಚೇರಿಯಲ್ಲಿ ಸಿಗುತ್ತಾ? ಪತ್ರದ ವಿಷಯಕ್ಕೆ ಬಂದರೆ, ಓದುಗಿಯವರ ಮಾತೇ ಸರಿ ಅನಿಸುತ್ತದೆ.

ಬೆಣ್ಣೆದೋಸೆ: ಪಾಂಡಿಚೇರಿಯಲ್ಲಿ ಕಾಲುಚೀಲ ಯಾಕ್ರೀ ಬೇಕು, ಆ ಸೆಖೆಗೆ?

ಕಡತದ ರಾಯ: "ಅನಿಸುತ್ತದೆ" ಅಂದರೆ ಇತಿಹಾಸ ಆಗಲ್ಲ. 1760ರ ಏಪ್ರಿಲ್ 28ರಂದು ಫ್ರೆಂಚ್ ಸೇನಾಪತಿ ಲೆವಿ ವಾಪಸ್ ಬಂದು ಊರಾಚೆಯ ಸೇಂಟ್ ಫೋಯ್‌ನಲ್ಲಿ ಗೆದ್ದ. ಗೆದ್ದರೂ ಊರು ಸಿಗಲಿಲ್ಲ. ಎರಡೂ ಕಡೆಯವರು ನದಿಯತ್ತ ಕಣ್ಣಿಟ್ಟು ಕೂತರು, ಮೊದಲು ಯಾರ ಬಾವುಟದ ಹಡಗು ಬರುತ್ತದೋ ಅವರದ್ದು ಊರು ಅಂತ. ಮೇ 9ಕ್ಕೆ ಬಂದದ್ದು ಬ್ರಿಟಿಷರ ಲೋಸ್ಟಾಫ್ಟ್. ಜನವರಿಯಲ್ಲೇ ಪತ್ರ ಬರುವ ಹಾಗಿದ್ದರೆ ಎರಡು ಸೇನೆಗಳು ಮೇ ತನಕ ಯಾಕೆ ಕಾಯಬೇಕಿತ್ತು? ನಿಮ್ಮ ಕಥೆಗೆ ಇದಕ್ಕಿಂತ ಒಳ್ಳೆಯ ಸನ್ನಿವೇಶ ಬೇಕಾ? ಅದನ್ನು ಬಿಟ್ಟು ಪತ್ರ ಪತ್ರ ಅಂತ ಹಿಡಿದುಕೊಂಡಿದ್ದೀರಿ.

ಟೊರಾಂಟೊ ತಿಮ್ಮ: "ಎರಡೂ ಕಡೆಯವರು ಕಣ್ಣಿಟ್ಟು ಕೂತರು" ಅಂತ ಚೆನ್ನಾಗಿ ಹೇಳ್ತೀರಿ. 1759ರ ನವೆಂಬರ್ ಕೊನೆಯಲ್ಲಿ ನದಿಯ ಮೇಲ್ಗಡೆ ಅಡಗಿದ್ದ ಫ್ರೆಂಚ್ ಹಡಗುಗಳು ರಾತ್ರೋರಾತ್ರಿ ಬ್ರಿಟಿಷ್ ಫಿರಂಗಿಗಳ ಮುಂದೆಯೇ ಜಾರಿಹೋದವಲ್ಲ, ಅದನ್ನು ಯಾಕೆ ಮುಚ್ಚಿಟ್ಟಿರಿ? ನವೆಂಬರ್ ಕೊನೆಗೂ ನದಿಯಲ್ಲಿ ಹಡಗು ಓಡುತ್ತಿತ್ತು!

ಕಡತದ ರಾಯ: ಓಡಿ *ಹೋದವು*. ಬರಲಿಲ್ಲ. ನವೆಂಬರ್ ಬೇರೆ, ಜನವರಿ ಬೇರೆ. ಕ್ಯಾಲೆಂಡರ್ ಮನೆಯಲ್ಲಿದೆಯಾ?

ಟೊರಾಂಟೊ ತಿಮ್ಮ: ರಾಯರೇ, ಮಾತಿನ ಮೇಲೆ ಹಿಡಿತ ಇರಲಿ. ಮೈನಸ್ ಇಪ್ಪತ್ತೈದರಲ್ಲಿ ಆ ದಂಡೆಯ ಮೇಲೆ ನಿಂತು ಬಂದವನು ನಾನು. ನೀವು ಫ್ಯಾನಿನ ಕೆಳಗೆ ಕೂತು ಪುಟ ತಿರುಗಿಸುವವರು. ಯಾರ ಮಾತಿಗೆ ತೂಕ ಅಂತ ಓದುವವರೇ ಹೇಳಲಿ.

ಓದುಗಿ: "ತೂಕ" ಅಂದ್ರಲ್ಲ ತಿಮ್ಮಣ್ಣ, ಇಬ್ಬರೂ ಸೇರಿ ಹಾಕಿದ ತೂಕಕ್ಕೆ ಕಾದಂಬರಿ ಮುಳುಗ್ತಿದೆ. ಓದುವವರಿಗೆ ಮದ್ಲೆನ್ ಅಳುವುದು ಮುಖ್ಯ. ಹಡಗಿನ ವೇಳಾಪಟ್ಟಿ ಯಾರಿಗೆ ಬೇಕು?

ಮೌನಿ: ಇಷ್ಟು ಹೊತ್ತು ಓದುತ್ತಾ ಇದ್ದೆ. ಪತ್ರ ಒಂದು ಕಡೆ ಇರಲಿ. ಬೇರೆ ಐದು ವಿಷಯಗಳಿವೆ. ಆ ಊರಿನ ಮೊದಲ ಅಚ್ಚುಕೂಟ ಮತ್ತು ಪತ್ರಿಕೆ ಬಂದದ್ದು 1764ರಲ್ಲಿ. ಅಂದರೆ ನಿಮ್ಮ ಪಾತ್ರಗಳಿಗೆ ಸುದ್ದಿ ಸಿಗುವುದು ಬಾಯಿಂದ, ಚರ್ಚಿನಿಂದ, ಬೀದಿಯಲ್ಲಿ ಕೂಗಿ ಹೇಳುವುದರಿಂದ. ಮನೆಯೊಳಗಿನ ಸಾಮಾನು ಬೇಕಿದ್ದರೆ ಯಾರಾದರೂ ಸತ್ತಾಗ ನೋಟರಿಗಳು ಬರೆದಿಟ್ಟ ಪಟ್ಟಿಗಳನ್ನು ನೋಡಿ. ಪಾತ್ರೆ, ಹಾಸಿಗೆ, ಹರಿದ ಅಂಗಿ, ಎಲ್ಲಾ ಇರುತ್ತದೆ. 1749ರಲ್ಲಿ ಬಂದ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಪೆರ್ ಕಾಮ್ ಊಟ, ಬಟ್ಟೆ, ಹೆಂಗಸರ ನಗು ತನಕ ಬರೆದಿಟ್ಟಿದ್ದಾನೆ. ಅಲ್ಲಿಯವರಿಗೆ ಆಲೂಗಡ್ಡೆ ಕಂಡರೆ ಆಗುತ್ತಿರಲಿಲ್ಲ ಎಂಬುದೂ ಅದರಲ್ಲಿದೆ, ಆದ್ದರಿಂದ ಕಾನ್ವೆಂಟಿನ ಅಡುಗೆಮನೆಯಲ್ಲಿ ಹುಷಾರು. ಮತ್ತೆ ಗುಲಾಮರು. 1709ರ ಆದೇಶದಿಂದ ಗುಲಾಮರನ್ನು ಇಟ್ಟುಕೊಳ್ಳುವುದು ಅಲ್ಲಿ ಕಾನೂನುಬದ್ಧವಾಗಿತ್ತು. ಶ್ರೀಮಂತರ ಮನೆಗಳಲ್ಲಿ ಮೂಲನಿವಾಸಿ ಮತ್ತು ಆಫ್ರಿಕಾ ಮೂಲದ ಗುಲಾಮರಿದ್ದರು. ನಿಮ್ಮ ಕಥೆಯಲ್ಲಿ ಅವರು ಕಾಣಲಿಲ್ಲ. ಕೊನೆಯದಾಗಿ, ಉರ್ಸುಲಿನ್ ಕಾನ್ವೆಂಟಿನಲ್ಲಿ ಆಗ ಎಸ್ತರ್ ವೀಲ್‌ರೈಟ್ ಇದ್ದಳು. ನ್ಯೂ ಇಂಗ್ಲೆಂಡಿನ ಹುಡುಗಿ, 1703ರಲ್ಲಿ ಅಬೆನಾಕಿ ಎಂಬ ಮೂಲನಿವಾಸಿ ಜನ ಹಿಡಿದುಕೊಂಡು ಹೋಗಿದ್ದರು. ಬೆಳೆದು ಸನ್ಯಾಸಿನಿಯಾಗಿ 1760ರ ಡಿಸೆಂಬರ್‌ನಲ್ಲಿ ಕಾನ್ವೆಂಟಿನ ಮುಖ್ಯಸ್ಥೆಯಾದಳು. ನನ್ನನ್ನು ಕೇಳಿದರೆ ನಾಯಕಿ ಅವಳೇ.

ಓದುಗಿ: ನೋಡಿ! ಎಸ್ತರ್ ನ್ಯೂ ಇಂಗ್ಲೆಂಡಿನಿಂದ ಕಾಡಿನ ದಾರಿಯಲ್ಲೇ ತಾನೇ ಬಂದಳು? ಪುಟ್ಟ ಹುಡುಗಿ ಬಂದ ದಾರಿಯಲ್ಲಿ ಒಂದು ಕಾಗದ ಬರಬಾರದಾ?

ಕಡತದ ರಾಯ: ಅವಳು ಬಂದು ಸೇರುವುದಕ್ಕೆ ವರ್ಷಗಳೇ ಹಿಡಿದವು ಮೇಡಂ. ಆ ಲೆಕ್ಕದಲ್ಲಿ ಅಣ್ಣ ಬರೆದ ಪತ್ರ ಮದ್ಲೆನ್ ಮೊಮ್ಮಗಳಿಗೆ ಸಿಗುತ್ತದೆ.

ಮೌನಿ: ಗುಲಾಮರ ಬಗ್ಗೆ ಯಾರಾದರೂ ಏನಾದರೂ ಹೇಳುತ್ತೀರಾ?

ಟೊರಾಂಟೊ ತಿಮ್ಮ: ಆಲೂಗಡ್ಡೆ ಬಗ್ಗೆ ಹೇಳಿದ್ದು ಒಪ್ಪಲ್ಲ. 1760ಕ್ಕೆ ಬ್ರಿಟಿಷರು ಬಂದಾಗಿತ್ತು, ಅವರು ತಂದಿರಬಹುದು.

ಬೆಣ್ಣೆದೋಸೆ: ಹಡಗಿನಲ್ಲಾ, ಕಾಡಿನ ದಾರಿಯಲ್ಲಾ?

ಟೊರಾಂಟೊ ತಿಮ್ಮ: ನಿಮಗೆ ಕೆಲಸ ಇಲ್ಲ ಅಂತ ಕಾಣುತ್ತದೆ.

ಹಿಮದ ಹಕ್ಕಿ: ಎಲ್ಲರಿಗೂ ವಂದನೆ. ಪತ್ರ ತೆಗೆಯುವುದಿಲ್ಲ. ಅದನ್ನು ಜೂನ್ ತಿಂಗಳಿಗೆ ತಳ್ಳುತ್ತಿದ್ದೇನೆ. ಇದು ಕಥೆಯ ಓಟಕ್ಕೆ ಬೇಕಾಗಿ, ರಾಯರು ಹೇಳಿದ್ದಕ್ಕಲ್ಲ. 1760ರ ಏಪ್ರಿಲ್‌ನಲ್ಲಿ ಬೋರ್ಡೋದಿಂದ ಹೊರಟ ಫ್ರೆಂಚ್ ಹಡಗುಗಳು ಬ್ರಿಟಿಷರನ್ನು ತಪ್ಪಿಸಿಕೊಂಡು ರೆಸ್ಟಿಗೂಶ್ ನದಿಯ ಬಾಯಿಗೆ ಬಂದವು. ಅಲ್ಲಿಂದ ಕಾಗದಗಳು ನೆಲದ ದಾರಿಯಲ್ಲಿ ಮಾಂಟ್ರಿಯಲ್‌ಗೆ ಹೋದವು. ಅಣ್ಣನ ಪತ್ರವೂ ಅದೇ ಚೀಲದಲ್ಲಿ ಇರುತ್ತದೆ. ಈಗ ಯಾರೂ ಏನೂ ಹೇಳುವ ಹಾಗಿಲ್ಲ.

ಕಡತದ ರಾಯ: ಮಾಂಟ್ರಿಯಲ್‌ಗೆ ಹೋದವು, ಸರಿ. ಅದು ಆಗ ಇನ್ನೂ ಫ್ರೆಂಚರ ಕೈಯಲ್ಲಿತ್ತು. ಮದ್ಲೆನ್ ಇರುವುದು ಬ್ರಿಟಿಷರ ಕೈಯಲ್ಲಿರುವ ಕ್ವಿಬೆಕ್‌ನಲ್ಲಿ. ಮಾಂಟ್ರಿಯಲ್‌ನಿಂದ ಕ್ವಿಬೆಕ್‌ಗೆ ಪತ್ರ ತಂದವರು ಯಾರು? ಮತ್ತೆ, ಅಣ್ಣ ಇರುವುದು ಲಾ ರೊಶೆಲ್‌ನಲ್ಲಿ ಅಂದಿರಿ. ಹಡಗು ಹೊರಟದ್ದು ಬೋರ್ಡೋದಿಂದ.

ಬೆಣ್ಣೆದೋಸೆ: ಪಾಂಡಿಚೇರಿಗೆ ಬಸ್ಸು ರಾತ್ರಿ ಹತ್ತೂವರೆಗೆ.