‘ಅಂಚು ರಕ್ಷಣೆ’ ಅಂದರೆ ಯಾರ ರಕ್ಷಣೆ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ಕಟ್ಟಡ ಏಳುತ್ತಿರುವಾಗ ಮಹಡಿಯ ಅಂಚಿನುದ್ದಕ್ಕೂ ಕಂಬ ನಿಲ್ಲಿಸಿ, ಅಡ್ಡಕ್ಕೆ ಪೈಪು ಕಟ್ಟಿ, ಬುಡದಲ್ಲೊಂದು ಹಲಗೆ ಕೊಟ್ಟು ಜನ ಕೆಳಗೆ ಬೀಳದಂತೆ ಮಾಡುತ್ತಾರಲ್ಲ, ಆ ಇಡೀ ಏರ್ಪಾಟಿಗೆ ಏನನ್ನೋಣ? ಇಂಗ್ಲಿಷಿನವರು ‘ಎಡ್ಜ್ ಪ್ರೊಟೆಕ್ಷನ್’ ಅನ್ನುತ್ತಾರೆ. ಗೋಡೆಯೋ ಪ್ಯಾರಪೆಟ್ಟೋ ಬಂದ ಮೇಲೆ ಬಿಚ್ಚಿ ಮೇಲಿನ ಮಹಡಿಗೆ ಒಯ್ಯುತ್ತಾರೆ. ಅದಕ್ಕೇ ‘ಟೆಂಪರರಿ’ ಅನ್ನುವ ಮಾತೂ ಮುಂದೆ ಸೇರಿಕೊಂಡಿರುತ್ತದೆ. ಸೈಟಿನ ಸುರಕ್ಷತಾ ಫಲಕಗಳನ್ನೂ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಹೇಳುವ ಎಚ್ಚರಿಕೆಯ ಮಾತುಗಳನ್ನೂ ಕನ್ನಡಕ್ಕೆ ತರುವುದು ನನ್ನ ಕೆಲಸ. ಈ ಒಂದು ಪದದಲ್ಲಿ ಎಡವಿದ್ದೇನೆ.

ಮೊದಲು ನಾನು ಹಾಕಿದ್ದು ‘ಅಂಚು ರಕ್ಷಣೆ’. ‘ಅಂಚು ರಕ್ಷಣೆ ಇಲ್ಲದೆ ಈ ಮಹಡಿಯಲ್ಲಿ ಕೆಲಸ ಮಾಡಬೇಡಿ’ ಅಂತ ಫಲಕ ಬರೆಸಿದೆ. ಓದಲು ಚೆನ್ನಾಗಿಯೇ ಇತ್ತು. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಪೈಪೂ ಇಲ್ಲ, ಕಂಬವೂ ಇಲ್ಲ. ಸ್ಲ್ಯಾಬಿನ ಅಂಚಿಗೆ ಮಾತ್ರ ಉದ್ದಕ್ಕೂ ಹಲಗೆ ಒತ್ತಿಕೊಟ್ಟು, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ತಂತಿಯಲ್ಲಿ ಬಿಗಿದಿದ್ದರು. ಮೇಸ್ತ್ರಿಯನ್ನು ಕೇಳಿದೆ.

‘ನೀವು ಬರೆಸಿದ ಹಾಗೇ ಮಾಡಿದ್ದೀವಿ ಸಾರ್. ಸೆಂಟ್ರಿಂಗ್ ಬಿಚ್ಚಿ ಇನ್ನೂ ಜಾಸ್ತಿ ದಿನ ಆಗಿಲ್ಲ. ಸಾಮಾನು ಮೇಲೆ ಎಳೆಯೋವಾಗ ಹಗ್ಗ ಉಜ್ಜಿ ಅಂಚು ಒಡೀಬಾರದು ಅಂತಾನೇ ಅಲ್ವಾ?’

ನಗು ಬಂತು, ಆಮೇಲೆ ಹೆದರಿಕೆಯಾಯಿತು. ತಪ್ಪು ಅವರದ್ದಲ್ಲ. ಕನ್ನಡದಲ್ಲಿ ಅರಣ್ಯ ರಕ್ಷಣೆ ಅಂದರೆ ಅರಣ್ಯವನ್ನು ಕಾಯುವುದು. ಬೆಳೆ ರಕ್ಷಣೆ ಅಂದರೆ ಬೆಳೆಯನ್ನು ಕಾಯುವುದು. ಹಾಗಾದರೆ ಅಂಚು ರಕ್ಷಣೆ ಅಂದರೆ? ಅಂಚನ್ನು ಕಾಯುವುದು, ಇನ್ನೇನು. ಕಾಯಬೇಕಾಗಿದ್ದ ಮನುಷ್ಯ ಆ ಪದದಲ್ಲಿ ಎಲ್ಲೂ ಇಲ್ಲ. ‘ಅಂಚಿನಿಂದ ರಕ್ಷಣೆ’ ಅಂದರೆ ಅರ್ಥ ಸರಿಹೋಗುತ್ತದೆ, ಆದರೆ ಅದು ಒಂದು ವಸ್ತುವಿನ ಹೆಸರಿನ ಹಾಗೆ ಕೇಳುವುದಿಲ್ಲ. ‘ಅಂಚಿನಿಂದ ರಕ್ಷಣೆಯನ್ನು ಬಿಚ್ಚಿ ತಾ’ ಅಂತ ಯಾರಾದರೂ ಹೇಳುತ್ತಾರಾ?

ರಕ್ಷಣೆ ಬಿಟ್ಟು, ಕಣ್ಣಿಗೆ ಕಾಣುವ ವಸ್ತುವಿನ ಹೆಸರು ಹಿಡಿದರೆ ಈ ತೊಡಕು ಇಲ್ಲ. ಸೊಳ್ಳೆಪರದೆ ಅಂದಾಗ ಸೊಳ್ಳೆಗಳಿಗೆ ಪರದೆ ಕಟ್ಟುತ್ತಾರೆ ಅಂತ ಯಾರೂ ತಿಳಿಯುವುದಿಲ್ಲ. ಮಳೆಕೋಟು ಮಳೆ ಹಾಕಿಕೊಳ್ಳುವ ಕೋಟಲ್ಲ. ಪರದೆ, ಕೋಟು ಅಂದ ಕೂಡಲೇ ಅದು ಯಾರಿಗೆ ಬೇಕಾದದ್ದು ಅನ್ನುವುದು ತಾನಾಗಿ ಹೊಳೆಯುತ್ತದೆ.

‘ಅಂಚು’ ಪದದ ಬಗ್ಗೆ ನನಗೆ ತಕರಾರಿಲ್ಲ. ಒಬ್ಬ ಗೆಳೆಯರು ‘ತುದಿ’ ಬಳಸಿ ಅಂದರು. ಒಪ್ಪಿಗೆಯಾಗಲಿಲ್ಲ. ತುದಿ ಅಂದರೆ ಒಂದು ಕಡೆ ಮುಗಿಯುವ ಜಾಗ: ಕೋಲಿನ ತುದಿ, ಬೆರಳ ತುದಿ. ಅಂಚು ಉದ್ದಕ್ಕೆ ಹರಿಯುತ್ತದೆ: ಸೀರೆಯ ಅಂಚು, ಕಾಗದದ ಅಂಚು. ಮಹಡಿಗೆ ಇರುವುದು ಅಂಚೇ. ‘ಬದಿ’ ಅಂದರೆ ಪಕ್ಕ ಅಂತ ಆಗಿಬಿಡುತ್ತದೆ, ಬೀಳುವ ಭಯ ಅದರಲ್ಲಿಲ್ಲ.

ಎರಡನೇ ಅರ್ಧಕ್ಕೇ ಹುಡುಕಾಟ.

‘ಕಟಕಟೆ’ ನನಗೆ ತುಂಬಾ ಇಷ್ಟವಾದ ಪದ. ಅಡ್ಡ ಪಟ್ಟಿ, ನೆಟ್ಟ ಕಂಬ ಸೇರಿದ ತಡೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಈಗ ಕಟಕಟೆ ಅಂದರೆ ಕೋರ್ಟು, ಆರೋಪಿ, ವಕೀಲರು. ‘ಕಟಕಟೆ ಇಲ್ಲದ ಕಡೆ ನಿಲ್ಲಬೇಡಿ’ ಅಂತ ಬರೆದರೆ ಹುಡುಗರು ಫೋಟೋ ತೆಗೆದು ಕಳಿಸಿಕೊಂಡು ನಗುತ್ತಾರೆ.

‘ಕೈಪಿಡಿ’ಯ ಕಥೆ ಇನ್ನೂ ಮಜಾ. ಪದ ಬಿಡಿಸಿದರೆ ಕೈಯಲ್ಲಿ ಹಿಡಿಯುವಂಥದ್ದು, ಮೆಟ್ಟಿಲ ಪಕ್ಕದ ಹಿಡಿಕೆಗೆ ಸರಿಯೇ. ಆದರೆ ಓದಿದವರಿಗೆ ಕೈಪಿಡಿ ಅಂದರೆ ಪುಸ್ತಕ. ‘ಕೈಪಿಡಿ ಇಲ್ಲದೆ ಮೆಟ್ಟಿಲು ಹತ್ತಬೇಡಿ’ ಅಂತ ಬರೆದು, ಅಚ್ಚಿಗೆ ಹೋಗುವ ಮುಂಚೆ ನಾನೇ ಹಿಡಿದೆ, ಪುಣ್ಯ. ಅರ್ಥದಲ್ಲೂ ಅದು ಸಾಲದು. ಹಿಡಿಕೆ ಇರುವುದು ನಾವು ಅದನ್ನು ಹಿಡಿಯಲಿಕ್ಕೆ. ಅಂಚಿನ ಪೈಪು ಇರುವುದು ಅದು ನಮ್ಮನ್ನು ಹಿಡಿಯಲಿಕ್ಕೆ. ಇಟ್ಟಿಗೆ ಹೊತ್ತು ಹಿಂದಕ್ಕೆ ಹೆಜ್ಜೆ ಇಡುವವನಿಗೆ ಕೈ ಎಲ್ಲಿ ಖಾಲಿ ಇರುತ್ತದೆ?

‘ತಡೆಗೋಡೆ’ ಅಂದರೆ ಕಲ್ಲು, ಕಾಂಕ್ರೀಟು ನೆನಪಾಗುತ್ತದೆ. ‘ಬ್ಯಾರಿಕೇಡ್’ ಎಲ್ಲರಿಗೂ ಗೊತ್ತು, ಆದರೆ ಅದೇ ಅದರ ಅಪಾಯ. ಬ್ಯಾರಿಕೇಡ್ ಹಾಕಿ ಅಂದರೆ ಕೆಂಪು ಬಿಳಿ ಟೇಪು ಎಳೆದು ಕೈತೊಳೆದುಕೊಳ್ಳುತ್ತಾರೆ. ಟೇಪು ಎಚ್ಚರಿಸುತ್ತದೆ, ತಡೆಯುವುದಿಲ್ಲ. ಅದಕ್ಕೆ ಒರಗಿದರೆ ಟೇಪೂ ಮನುಷ್ಯನೂ ಜೊತೆಗೇ ಕೆಳಗೆ.

ಸದ್ಯ ನನ್ನ ಒಲವು ‘ಅಂಚುಬೇಲಿ’ ಕಡೆಗೆ. ಬೇಲಿ ಗೊತ್ತಿಲ್ಲದವರಿಲ್ಲ. ಕಟ್ಟಬಹುದು, ಬಿಚ್ಚಬಹುದು, ಬೇಲಿ ಕಿತ್ತುಹೋಗಿದೆ ಅಂತ ದೂರಬಹುದು. ಅಂದರೆ ಪದದ ಜೊತೆಗೆ ಕ್ರಿಯಾಪದಗಳೂ ಪುಕ್ಕಟೆಯಾಗಿ ಬರುತ್ತವೆ. ಒಂದು ಆಕ್ಷೇಪ ಬಂತು: ಬೇಲಿ ಹಾಕುವುದು ಹೊರಗಿನ ದನ ಒಳಗೆ ನುಗ್ಗದಿರಲಿ ಅಂತ, ಇಲ್ಲಿ ಒಳಗಿನವರು ಹೊರಗೆ ಹೋಗಬಾರದು. ಮಾತು ಸರಿ. ಆದರೂ ಇದು ಅಷ್ಟು ದೊಡ್ಡ ತೊಡಕೇನಲ್ಲ ಅನ್ನಿಸುತ್ತದೆ. ಕುರಿಗಳನ್ನು ಒಳಗೇ ಇಟ್ಟುಕೊಳ್ಳುವುದಕ್ಕೂ ಬೇಲಿಯೇ ಅಲ್ವಾ?

ಇನ್ನು ಬೇಲಿಯ ಭಾಗಗಳು. ಮೇಲಿನ ಅಡ್ಡಕ್ಕೆ ‘ಮೇಲ್ಕಂಬಿ’, ನಡುವಿನದಕ್ಕೆ ‘ನಡುಕಂಬಿ’ ಅಂತ ಬರೆದಿದ್ದೆ. ಪುಸ್ತಕದಲ್ಲಿ ಸೊಗಸಾಗಿತ್ತು. ಸೈಟಿನಲ್ಲಿ ಕಂಬಿ ಅಂದರೆ ಕಾಂಕ್ರೀಟಿನ ಒಳಗೆ ಹೋಗುವ ಕಬ್ಬಿಣ. ಮೇಲಿನ ಕಂಬಿ, ಕೆಳಗಿನ ಕಂಬಿ ಅನ್ನುವುದು ಕಂಬಿ ಕಟ್ಟುವವರ ದಿನದ ಮಾತು. ಬಿಟ್ಟೆ. ಆಮೇಲೆ ಬಿದಿರ ಗಳ ನೆನಪಾಗಿ ‘ನಡುಗಳ’ ಅಂತ ಬರೆದು ನೋಡಿದೆ. ‘ನಡುಗಳ ಎತ್ತರ ಅರ್ಧ ಮೀಟರ್’ ಅಂದಾಗ ಯಾರ್ಯಾರದೋ ಸೊಂಟ ಅಳೆದ ಹಾಗಾಯಿತು. ಕೊನೆಗೆ ‘ಮೇಲಿನ ಪೈಪು, ನಡುವಿನ ಪೈಪು’ ಅಂತಲೇ ಇಟ್ಟಿದ್ದೇನೆ. ಚಂದ ಇಲ್ಲ, ಆದರೆ ಯಾರೂ ಎರಡನೇ ಸಲ ಕೇಳುವುದಿಲ್ಲ.

ಬುಡದ ಹಲಗೆಗೆ ಮಾತ್ರ ಒಳ್ಳೆ ಹೆಸರು ಬೇಕು. ಇಂಗ್ಲಿಷಿನಲ್ಲಿ ‘ಟೋ ಬೋರ್ಡ್’. ‘ಕಾಲಹಲಗೆ’ ಅಂದರೆ ಕಾಲಿಟ್ಟು ನಡೆಯುವ ಹಲಗೆ ಅಂದುಕೊಳ್ಳುತ್ತಾರೆ. ಸಾರುವೆಯ ಮೇಲೆ ಹಾಸುವುದೂ ಹಲಗೆಯೇ ಆದ್ದರಿಂದ ಗೊಂದಲ ಖಂಡಿತ. ಇದು ನಡೆಯಲು ಹಾಸಿದ್ದಲ್ಲ, ಅಂಚಿಗೆ ಉದ್ದುದ್ದ ನಿಲ್ಲಿಸಿದ್ದು. ಕಾಲು ಜಾರಿದರೆ ಪಾದ ಆಚೆ ಹೋಗದಂತೆ ತಡೆಯುತ್ತದೆ, ಸುತ್ತಿಗೆಯೋ ಇಟ್ಟಿಗೆ ಚೂರೋ ಉರುಳಿ ಕೆಳಗಿದ್ದವರ ತಲೆಗೆ ಬೀಳದಂತೆಯೂ ನೋಡಿಕೊಳ್ಳುತ್ತದೆ. ನನಗೆ ಈ ಎರಡನೆಯದೇ ಮುಖ್ಯ ಅನ್ನಿಸುತ್ತದೆ, ಏಕೆಂದರೆ ಕೆಳಗಿರುವವನಿಗೆ ಮೇಲೆ ಏನು ನಡೆಯುತ್ತಿದೆ ಅಂತ ಗೊತ್ತೇ ಇರುವುದಿಲ್ಲ. ‘ಬುಡಹಲಗೆ’ ಅನ್ನೋಣವಾ?

ಯುರೋಪಿನ ಇಎನ್ 13374 ಅನ್ನುವ ಮಾನದಂಡ ಇರುವುದೇ ಈ ತಾತ್ಕಾಲಿಕ ಬೇಲಿಗಳಿಗೆ. ಅದು ಬೇಲಿಯನ್ನು ಎ, ಬಿ, ಸಿ ಅಂತ ಮೂರು ವರ್ಗ ಮಾಡುತ್ತದೆ. ಅದನ್ನು ಕನ್ನಡಕ್ಕೆ ತರುವಾಗ ನನಗೆ ಹೊಳೆದದ್ದು, ವ್ಯತ್ಯಾಸ ಇರುವುದು ಕ್ರಿಯಾಪದದಲ್ಲಿ ಅಂತ. ಮಟ್ಟಸ ನೆಲದಲ್ಲಿ, ಅಥವಾ 10 ಡಿಗ್ರಿ ಮೀರದ ಇಳಿಜಾರಿನಲ್ಲಿ, ಮನುಷ್ಯ ಒರಗುತ್ತಾನೆ, ಇಲ್ಲ ನಡೆಯುತ್ತಾ ಬಂದು ತಾಗುತ್ತಾನೆ: ಅದು ಎ. ಇಳಿಜಾರು ಹೆಚ್ಚಾದರೆ ಜಾರಿ ಬರುತ್ತಾನೆ: ಅದು ಬಿ. ಕಡಿದಾದ ಚಾವಣಿಯಲ್ಲಿ ಜೋರಾಗಿ ಬಂದು ಅಪ್ಪಳಿಸುತ್ತಾನೆ: ಅದು ಸಿ. ಒರಗು, ಜಾರು, ಅಪ್ಪಳಿಸು. ‘ಸ್ಥಿರ ಭಾರ, ಚಲನ ಭಾರ’ ಅಂತ ಬರೆಯುವ ಬದಲು ಇವನ್ನೇ ಹಿಡಿದರೆ ಕೇಳಿದವರಿಗೆ ಚಿತ್ರ ಕಟ್ಟುತ್ತದೆ. ಎ ವರ್ಗದಲ್ಲಿ ಪೈಪುಗಳ ನಡುವಿನ ಸಂದು 470 ಮಿಲಿಮೀಟರ್ ಮೀರಬಾರದು, ಬಿ ವರ್ಗದಲ್ಲಿ 250. ಜಾರಿ ಬರುವವನು ನಿಂತಿರುವುದಿಲ್ಲ, ಮಲಗಿದ ಹಾಗೆ ಬರುತ್ತಾನೆ. ದೊಡ್ಡ ಸಂದಿದ್ದರೆ ಹಾಗೇ ನುಸುಳಿ ಹೋಗುತ್ತಾನೆ.

ಈಗ ‘ತಾತ್ಕಾಲಿಕ’. ನನಗೆ ಜಾಸ್ತಿ ತಲೆನೋವು ಕೊಟ್ಟ ಪದ ಇದೇ. ನಮ್ಮ ದಿನದ ಮಾತಿನಲ್ಲಿ ತಾತ್ಕಾಲಿಕ ಅಂದರೆ ಸದ್ಯಕ್ಕೆ ಹೇಗೋ ಒಂದು, ಆಮೇಲೆ ನೋಡೋಣ ಅಂತ. ‘ತಾತ್ಕಾಲಿಕ ಬೇಲಿ’ ಅಂದರೆ ಒಂದು ಹಗ್ಗ ಕಟ್ಟಿದರೂ ಆಯಿತು ಅನ್ನುವ ಭಾವನೆ ಬರುತ್ತದೆ. ಇಲ್ಲಿ ತಾತ್ಕಾಲಿಕವಾಗಿರುವುದು ಇರುವ ಕಾಲ, ಬಲ ಅಲ್ಲ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಓಶಾದ ನಿಯಮದಲ್ಲಿ ಕಟ್ಟಡ ಕೆಲಸದ ಮೇಲಿನ ಪೈಪು ಸುಮಾರು 42 ಇಂಚು ಎತ್ತರದಲ್ಲಿರಬೇಕು, 3 ಇಂಚು ಆಚೀಚೆ ಆಗಬಹುದು. ಅದು 200 ಪೌಂಡಿನ ಒತ್ತಡ ತಾಳಬೇಕು, ಅಂದರೆ ಹತ್ತಿರ ಹತ್ತಿರ 90 ಕೆಜಿ. ಹಗ್ಗ ತಾಳುತ್ತದಾ? ಅದಕ್ಕೇ ನಾನು ‘ತಾತ್ಕಾಲಿಕ’ವನ್ನು ಫಲಕದಿಂದಲೇ ತೆಗೆದುಬಿಟ್ಟೆ. ಬೇಕಾದ ಕಡೆ ‘ಗೋಡೆ ಬರುವವರೆಗೆ ಇರಬೇಕಾದ ಅಂಚುಬೇಲಿ’ ಅಂತ ಬಿಡಿಸಿ ಬರೆಯುತ್ತೇನೆ. ಉದ್ದವಾಯಿತು ನಿಜ. ಆದರೆ ಯಾವಾಗ ಬಿಚ್ಚಬಹುದು ಅನ್ನುವುದೂ ಅದರಲ್ಲೇ ಇದೆ.

ಇದರ ಜೊತೆಗೇ ಇನ್ನೊಂದು. ‘ವರ್ಕ್ ಅಟ್ ಹೈಟ್’ ಅನ್ನುವುದನ್ನು ಎಲ್ಲರೂ ‘ಎತ್ತರದಲ್ಲಿ ಕೆಲಸ’ ಅಂತ ಬರೆಯುತ್ತಾರೆ, ನಾನೂ ಬರೆದಿದ್ದೇನೆ. ಆದರೆ ನೆಲದಲ್ಲಿ 3 ಮೀಟರ್ ಆಳದ ಪಾಯ ತೋಡಿದ್ದಾರೆ, ಅದರ ಬಾಯಿಯ ಪಕ್ಕ ಒಬ್ಬ ನಿಂತಿದ್ದಾನೆ ಅನ್ನಿ. ಅವನು ಎತ್ತರದಲ್ಲಿ ಇದ್ದಾನಾ? ಕನ್ನಡದಲ್ಲಿ ಖಂಡಿತ ಇಲ್ಲ, ಅವನು ನೆಲದ ಮೇಲಿದ್ದಾನೆ. ಆದರೆ ಬ್ರಿಟನ್ನಿನ 2005ರ ನಿಯಮದ ಪ್ರಕಾರ ಅದೂ ಎತ್ತರದ ಕೆಲಸವೇ. ಬಿದ್ದರೆ ಪೆಟ್ಟಾಗುವ ಜಾಗ ಎಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ, ನೆಲದ ಕೆಳಗಿದ್ದರೂ. ನಮ್ಮ ‘ಎತ್ತರ’ ತಲೆ ಮೇಲೆತ್ತಿ ನೋಡುವ ಪದ, ಈ ಅಳತೆ ಕಾಲ ಕೆಳಗಿನದು. ‘ಬೀಳುವ ಭಯವಿರುವ ಕೆಲಸ’ ಅಂತ ಒಂದು ಸಲ ಬಳಸಿ ನೋಡಿದೆ. ಸುರಕ್ಷತೆ ನೋಡಿಕೊಳ್ಳುವವರು ‘ಭಯ’ ಬೇಡ, ಜನ ಕೆಲಸಕ್ಕೇ ಬರುವುದಿಲ್ಲ ಅಂದರು. ಸುಮ್ನೆ ‘ಬೀಳುವ ಜಾಗ’ ಅಂತ ಮಾಡಿದೆ. ಈಗ ‘ಇದು ಬೀಳುವ ಜಾಗ’ ಅಂತ ಫಲಕ ನಿಂತಿದೆ. ಓದಿದವರು ಇಲ್ಲೇ ಬೀಳಬೇಕಾ ಅಂತ ಕೇಳುತ್ತಿದ್ದಾರೆ.

ಹಾಗಾಗಿ ನನ್ನ ಪ್ರಶ್ನೆ ಮೂರು. ಅಂಚುಬೇಲಿ ನಿಮ್ಮ ಕಿವಿಗೆ ಒಪ್ಪುತ್ತದಾ? ಬುಡಹಲಗೆಗೆ ಗಾರೆ ಕೆಲಸದವರ ಬಾಯಲ್ಲಿ ಆಗಲೇ ಓಡಾಡುವ ಹೆಸರು ಏನಾದರೂ ಇದೆಯಾ? ಇದ್ದರೆ ನನ್ನದನ್ನು ಈಗಲೇ ಬಿಡುತ್ತೇನೆ. ಮತ್ತೆ ಆ ಗುಂಡಿಯ ಬಾಯಿಗೆ ಸುತ್ತಲೂ ಕಟ್ಟುವುದನ್ನೂ ಅಂಚುಬೇಲಿ ಅನ್ನಬಹುದಾ, ಇಲ್ಲ ಗುಂಡಿಗೆ ಅಂಚಿನ ಬದಲು ಬಾಯಿ ಇರುವುದರಿಂದ ಅದಕ್ಕೆ ಬೇರೆಯದೇ ಹೆಸರು ಬೇಕಾ? ಹೊಸ ಫಲಕಗಳು ಇನ್ನೂ ಅಚ್ಚಿಗೆ ಹೋಗಿಲ್ಲ.