ನಮ್ಮ ದೇಶದ ಮೊದಲ ವಿಮಾನ ಯಾರು ಮಾಡಿದ್ದು?

ತೀರ್ಥಹಳ್ಳಿಯಿಂದ: ಶಿವಮೊಗ್ಗದ ಸೋಗಾನೆ ಏರ್‌ಪೋರ್ಟ್‌ನಲ್ಲಿ ವಿಮಾನ ಇಳಿಯೋದು ನೋಡಿದಾಗಿಂದ ಮಗಳದ್ದು ಇದೇ ಪ್ರಶ್ನೆ. ಅಡಿಕೆ ಹಾಳೆಯಲ್ಲಿ ರೆಕ್ಕೆ ಕತ್ತರಿಸ್ತಾ ಕೂತಿದ್ದಾಳೆ. ಏನು ಹೇಳಲಿ?

ಸಾಗರದ ನಿವೃತ್ತ ಮೇಷ್ಟ್ರು: ವಿ. ಎಂ. ಘಾಟಗೆ ಅವರ ಹೆಸರು ಹೇಳಿ ಮಾರಾಯ್ರೆ. ಜರ್ಮನಿಯ ಗಟಿಂಗನ್‌ನಲ್ಲಿ, ಗಾಳಿಯ ಹರಿವಿನ ದೊಡ್ಡ ವಿಜ್ಞಾನಿ ಪ್ರಾಂಟ್ಲ್ ಅವರ ಶಿಷ್ಯರು. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಅವರು ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2 ಮೊದಲು ಹಾರಿದ್ದು 1951ರ ಆಗಸ್ಟ್‌ನಲ್ಲಿ. ಹಿಂದೊಂದು ಮುಂದೊಂದು ಸೀಟು, ಮೂಗಿಗೆ ಒಂದು ಪ್ರೊಪೆಲರ್. ನಮ್ಮ ಪೈಲಟ್‌ಗಳು ಹಾರಾಟ ಕಲಿತದ್ದೇ ಅದರಲ್ಲಿ. ಆಮೇಲೆ ಕಿರಣ್ ಅನ್ನೋ ತರಬೇತಿ ಜೆಟ್ ಕೂಡ ಅವರದೇ, ಮೊದಲು ಹಾರಿದ್ದು 1964ರಲ್ಲಿ. ಇಂಥವರ ಹೆಸರು ಪಾಠದಲ್ಲಿ ಇರಬೇಕಿತ್ತು.

ಕೊಪ್ಪದಿಂದ: ಹಾಳೆ ಹಸಿ ಇರುವಾಗಲೇ ಹಲಗೆ ಅಡಿ ಇಡಿ, ಒಣಗಿದರೆ ಮುದುರುತ್ತೆ. ಮೂಗಿಗೆ ಒಂದು ಗೋಟಡಿಕೆ ಕಟ್ಟಿ. ಮುಂದೆ ಭಾರ ಇಲ್ಲದಿದ್ದರೆ ಮೂಗೆತ್ತಿ ಧೊಪ್ಪಂತ ಬೀಳುತ್ತೆ.

ತೀರ್ಥಹಳ್ಳಿಯಿಂದ: ಕಟ್ಟಿದೆವು. ಅಂಗಳ ದಾಟಿ ತೋಟಕ್ಕೆ ಹೋಯ್ತು! ರೆಕ್ಕೆ ಮೇಲೆ ‘ಘಾಟಗೆ’ ಅಂತ ಬರೆದಿದ್ದಾಳೆ.