ಪಿಟಿಸಿಎಲ್ ಜಮೀನು: ಕಾಲಮಿತಿ ಇಲ್ಲ, ಆದರೂ ತಡವಾಯಿತೇ?

ಪ್ರಶ್ನೆ: ವಕೀಲ ಸಾಹೇಬರೇ, ನಮ್ಮದು ಸಿಂಧನೂರು ತಾಲ್ಲೂಕು. ಪರಿಶಿಷ್ಟ ಜಾತಿಯವರೆಂದು ಸರ್ಕಾರ ನಮ್ಮ ಅಜ್ಜನಿಗೆ ಮಂಜೂರು ಮಾಡಿದ್ದ ನಾಲ್ಕು ಎಕರೆಯನ್ನು ಅವರು 1983ರಲ್ಲಿ ಅನುಮತಿ ಪಡೆಯದೆ ಮಾರಿದ್ದಾರೆ. ಈಗ ಅಲ್ಲಿ ಕಾಲುವೆ ನೀರಿನ ಭತ್ತ ಬೆಳೆಯುತ್ತಿದೆ. ಜಮೀನು ಮರಳಿ ಕೊಡಿಸಿ ಎಂದು ಕಳೆದ ವರ್ಷ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿನಲ್ಲಿ ಅರ್ಜಿ ಹಾಕಿದೆವು. ‘ನಲವತ್ತು ವರ್ಷ ಎಲ್ಲಿದ್ದಿರಿ?’ ಎನ್ನುತ್ತಾರೆ ಎದುರಿನ ವಕೀಲರು. ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿ ಕಾಲಮಿತಿಯೇ ಇಲ್ಲ ಎಂದಿದೆಯಲ್ಲ! ಶಾಸನಸಭೆಗಿಂತ ಕೋರ್ಟು ದೊಡ್ಡದೇ?

ಉತ್ತರ: ದೊಡ್ಡದು ಚಿಕ್ಕದರ ಮಾತು ಬಿಡಿ, ಇದು ಒಂದು ಪದದ ಜಗಳ. ಪಿಟಿಸಿಎಲ್ ಎಂದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆ. ಜಮೀನು ಮರಳಿ ಕೊಡಿಸುವ ಅದರ 5ನೇ ಕಲಮು ಇಷ್ಟು ವರ್ಷದೊಳಗೆ ಅರ್ಜಿ ಹಾಕಬೇಕೆಂದು ಮೊದಲೂ ಹೇಳಿರಲಿಲ್ಲ. ಅವಧಿ ಬರೆದಿಲ್ಲವೆಂದರೆ ಸಮಂಜಸ ಕಾಲದೊಳಗೆ ಬರಬೇಕೆಂದೇ ಅರ್ಥ ಎಂದು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ತಡವಾಗಿದ್ದು 25 ವರ್ಷ. ಆ ತೀರ್ಪಿನಿಂದ ಅರ್ಜಿಗಳು ಸಾಲಾಗಿ ಬೀಳತೊಡಗಿದ ಮೇಲೆ, ಬೇರೆ ಕಾನೂನು ಏನೇ ಹೇಳಿದರೂ ಈ ಕಾಯ್ದೆಗೆ ‘ಕಾಲಮಿತಿ ಇಲ್ಲ’, ಬಾಕಿ ಇರುವ ಪ್ರಕರಣಗಳಿಗೂ ಇದೇ ಅನ್ವಯ ಎಂದು 2023ರಲ್ಲಿ ಸೇರಿಸಿದರು.

ಕರಡು ಬರೆದವರು ಎಡವಿದ್ದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಕಾಲಮಿತಿ ಎಂದರೆ ಕಾನೂನೇ ಎಳೆದ ಗೆರೆ. ವಿಳಂಬ ಎಂದರೆ ಹಕ್ಕು ಗೊತ್ತಿದ್ದೂ ಕೈಕಟ್ಟಿ ಕುಳಿತದ್ದು. ತೀರ್ಪು ಹಿಡಿದದ್ದು ಎರಡನೆಯದನ್ನು, ತಿದ್ದುಪಡಿ ಅಳಿಸಿದ್ದು ಮೊದಲೇ ಇಲ್ಲದ ಗೆರೆಯನ್ನು! ಹಾವೇರಿ ಜಿಲ್ಲೆಯ ಗೌರಮ್ಮ ಪ್ರಕರಣದಲ್ಲಿ 2024ರಲ್ಲಿ ಹೈಕೋರ್ಟ್ ವಿಭಾಗೀಯ ಪೀಠ ಹೇಳಿದ್ದೂ ಇದನ್ನೇ. ‘ಎಷ್ಟೇ ವಿಳಂಬವಾಗಿದ್ದರೂ’ ಎಂಬ ಎರಡು ಪದ ಸೇರಿಸಿದ್ದರೆ ನಿಮ್ಮ ವಾದಕ್ಕೆ ಬೇರೆಯೇ ಬಲ ಬರುತ್ತಿತ್ತು.

ಹಾಗೆಂದು ಕೈಚೆಲ್ಲಬೇಡಿ. ಮಂಜೂರಾತಿ ಆದೇಶದ ನಕಲು ಮೊದಲು ತೆಗೆಸಿ, ಅದಿಲ್ಲದೆ ಮಿಕ್ಕದ್ದೆಲ್ಲ ವ್ಯರ್ಥ. ಅಜ್ಜ ತೀರಿಕೊಂಡದ್ದು ಯಾವಾಗ, ಕ್ರಯಪತ್ರದ ಸಂಗತಿ ನಿಮಗೆ ತಿಳಿದದ್ದು ಯಾವಾಗ, ನಡುವೆ ಯಾರಾದರೂ ಅರ್ಜಿ ಕೊಟ್ಟಿದ್ದರೇ ಎಂಬುದನ್ನು ವರ್ಷವಾರು ಬರೆದು ಪ್ರಮಾಣಪತ್ರ ಸಲ್ಲಿಸಿ. ನಿಮ್ಮ ಅರ್ಜಿಯಲ್ಲಿ ಈ ನಲವತ್ತು ವರ್ಷಗಳ ಬಗ್ಗೆ ಒಂದು ಸಾಲಾದರೂ ಇದೆಯೇ?

ಪ್ರಶ್ನೆಗಾರರು: ಇಲ್ಲ ಸಾಹೇಬರೇ. ಟೈಪಿಂಗ್ ಅಂಗಡಿಯ ನಮೂನೆಯಲ್ಲೇ ಕೊಟ್ಟೆವು.

ಉತ್ತರ: ಹಾಗಾದರೆ ಮುಂದಿನ ವಿಚಾರಣೆಗೆ ಮೊದಲೇ ಹೆಚ್ಚುವರಿ ಹೇಳಿಕೆ ಸಲ್ಲಿಸಿ.

ಮತ್ತೊಬ್ಬರು, ಮಾನ್ವಿ: ನಾವು ಕೊಂಡವರ ಕಡೆಯವರು. ಹಾಗಾದರೆ ನಾವು ನಿಶ್ಚಿಂತರೇ?

ಉತ್ತರ: ಅಲ್ಲ ಅಣ್ಣಾ. ಸಮಂಜಸ ಎಂದರೆ ಹತ್ತೋ ಇಪ್ಪತ್ತೋ ಎಂದು ಕೋರ್ಟು ಗಂಟು ಹಾಕಿಲ್ಲ, ಪ್ರಕರಣ ನೋಡಿ ಅಳೆಯುತ್ತದೆ. 1979ರ ಜನವರಿ 1ರ ನಂತರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟ ಅನೂರ್ಜಿತ ಎಂಬ 4ನೇ ಕಲಮು ಹಾಗೆಯೇ ಇದೆ.

ಮಾನ್ವಿಯವರು: ಕಾಯ್ದೆಯ ಕನ್ನಡ ಪ್ರತಿ ಓದಿದರೆ ಸಾಕೇ?

ಉತ್ತರ: ತಿಳಿಯಲು ಸಾಕು, ವಾದಿಸಲು ಸಾಲದು. ಸಂವಿಧಾನದ 348ನೇ ವಿಧಿಯಂತೆ ಅಧಿಕೃತ ಪಠ್ಯ ಇಂಗ್ಲಿಷಿನದು. ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುವ ದಿನ ಎರಡನ್ನೂ ಕೈಯಲ್ಲಿಟ್ಟುಕೊಳ್ಳಿ.